ಹೊಗೆಯ ತಿಂಗಳು

ಆ ಕುರ್ಚಿ ತನ್ನದು ಎಂಬುದರಲ್ಲಿ ಮಾರ್ಲಾ ಹಿಗ್ಡನ್‌ಗೆ ಎಂದೂ ಅನುಮಾನವಿರಲಿಲ್ಲ. ಅನುಮಾನ ಇದ್ದದ್ದು ಬೇರೆಯವರಿಗೆ. ಕ್ಯಾಲ್ವರ್ ಕೌಂಟಿಯ ಕೋರ್ಟಿನಲ್ಲಿ ಸರ್ಕಾರಿ ವಕೀಲೆಯಾಗಿ ನಿಂತು ಅವಳು ಒಂದು ತಲೆಮಾರಿನ ಕಳ್ಳರನ್ನೂ ಕೊಲೆಗಾರರನ್ನೂ ಜೈಲಿಗೆ ಕಳಿಸಿದ್ದಳು. ಅಷ್ಟೂ ಕಾಲ ಮೇಲಿನ ಕುರ್ಚಿಯಲ್ಲಿ ಕೂತವರು ಮಾತ್ರ ಒಂದೇ ಬೀದಿಯ, ಒಂದೇ ಕ್ಲಬ್ಬಿನ, ಒಬ್ಬರ ಮದುವೆಯಲ್ಲಿ ಇನ್ನೊಬ್ಬರು ಕೋಟಿಗೆ ಹೂ ಸಿಕ್ಕಿಸಿಕೊಂಡು ನಿಂತ ಗಂಡಸರು. ಅಲ್ಲಿ ಜಡ್ಜನ್ನೂ ಜನರೇ ಓಟು ಹಾಕಿ ಆರಿಸುತ್ತಾರೆ. ಹಿಂದಿನ ಸಲ ತಾನೂ ಚುನಾವಣೆಗೆ ನಿಲ್ಲುತ್ತೇನೆಂದಾಗ ನಿವೃತ್ತನಾಗುತ್ತಿದ್ದ ಜಡ್ಜ್ ಅವಳ ಭುಜ ತಟ್ಟಿ, “ನಿನ್ನಂಥವಳು ಕೆಳಗಿದ್ರೇನೇ ಕೋರ್ಟಿಗೆ ಶೋಭೆ, ಮಗಳೇ. ಮೇಲೆ ಕೂತ್ರೆ ಜಗಳ ಆಡೋಕೆ ಯಾರು ಸಿಗ್ತಾರೆ ನಿಂಗೆ?” ಎಂದಿದ್ದ. ಸುತ್ತ ನಿಂತಿದ್ದವರು ನಕ್ಕಿದ್ದರು. ಮಾರ್ಲಾ ಕೂಡ ನಕ್ಕಿದ್ದಳು. ಆ ನಗು ಅವಳ ಹಲ್ಲಿನ ಸಂದಿಯಲ್ಲಿ ಇನ್ನೂ ಸಿಕ್ಕಿಕೊಂಡಿತ್ತು.

ಅವಳ ಅಪ್ಪ ಇನ್ನೊಬ್ಬರ ಹೊಲದಲ್ಲಿ ಪಾಲಿಗೆ ಹೊಗೆಸೊಪ್ಪು ಬೆಳೆಯುತ್ತಿದ್ದವ. ಕೆಂಟಕಿಯ ಆ ಮೂಲೆಯಲ್ಲಿ ಸೊಪ್ಪನ್ನು ಬ್ಯಾರನ್ನು ಎಂಬ ಎತ್ತರದ ಮರದ ಕೊಟ್ಟಿಗೆಯೊಳಗೆ ತೂಗುಹಾಕಿ, ಕೆಳಗೆ ಹಿಕ್ಕರಿ ಮರದ ತುಂಡು ಮತ್ತು ಹೊಟ್ಟು ಸುರಿದು, ಉರಿಯಗೊಡದೆ ವಾರಗಟ್ಟಲೆ ಹೊಗೆಯಾಡಿಸುತ್ತಾರೆ. ಆ ಹೊಗೆಯ ಕಪ್ಪು ಅಂಟು ಗೋಡೆ, ಬಾಗಿಲು, ಮನುಷ್ಯರ ಬೆರಳು ಎಲ್ಲವನ್ನೂ ಹಿಡಿಯುತ್ತದೆ. ಶಾಲೆಯಲ್ಲಿ ಅವಳ ಬೆರಳು ನೋಡಿ ಹುಡುಗಿಯರು ಪಕ್ಕದಲ್ಲಿ ಕೂರುತ್ತಿರಲಿಲ್ಲ. ಒಮ್ಮೆ ಯಾರೋ ಬಸ್ಸಿನ ಮೆಟ್ಟಿಲಿಂದ ತಳ್ಳಿ ಮೊಣಕಾಲು ಒಡೆದಾಗ ಅಪ್ಪ ಗಾಯ ತೊಳೆಯುತ್ತ ಹೇಳಿದ್ದ: “ಬೀಳೋದು ನಿನ್ನ ಕೈಲಿಲ್ಲ ಕಣೇ. ಬಿದ್ದಲ್ಲೇ ಇದ್ರೆ ಮಾತ್ರ ಅದು ನಿನ್ನ ತಪ್ಪು.” ಅವಳು ಕಲಿತ ಕಾನೂನಿನಲ್ಲಿ ಮೊದಲನೆಯದು ಇದು. ಉಳಿದದ್ದನ್ನು ಕಾಲೇಜಿನಲ್ಲಿ ಓದಿದಳು.

ಈ ಸಲ ಅವಳು ಯಾರನ್ನೂ ಕೇಳದೆ ನಿಂತಳು. ಬಿಳಿಯ ಬೋರ್ಡು, ಗಾಢ ನೀಲಿಯಲ್ಲಿ ಅವಳ ಹೆಸರು, ಕೆಳಗೆ ಒಂದೇ ಮಾತು: ಬಾಗುವವಳಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಕೌಂಟಿಯ ಪ್ರತಿ ತಿರುವಿನಲ್ಲೂ ಆ ಬೋರ್ಡು ಎರಡು ಕಂಬಿಗಳ ಮೇಲೆ ಕಾಲೂರಿ ನಿಂತಿತ್ತು. ಎದುರಾಳಿ ಗ್ರೇಡಿ ಪ್ರೂಯಿಟ್ ಅದೇ ಬೀದಿಯ, ಅದೇ ಕ್ಲಬ್ಬಿನ ವಕೀಲ. ಅವನ ಕಡೆಯ ಪಡ್ಡೆಗಳು ಗಾಡಿಯಲ್ಲಿ ಹೋಗುತ್ತ ಕೋಲು ಚಾಚಿ ಮಾರ್ಲಾಳ ಬೋರ್ಡುಗಳನ್ನು ಉರುಳಿಸುತ್ತಿದ್ದರು. ಉರುಳಿಸಿದಷ್ಟೂ ಇವಳು ನಿಲ್ಲಿಸುತ್ತಿದ್ದಳು. ಆಗಸ್ಟಿನಲ್ಲಿ ಊರಿನ ಒಬ್ಬ ಮುದುಕಿಯ ಮಣ್ಣಿಗೆ ಹೋಗುವಾಗ, ದೀಪ ಹೊತ್ತಿಸಿಕೊಂಡು ಸಾಲಾಗಿ ಸಾಗುತ್ತಿದ್ದ ಕಾರುಗಳ ನಡುವಿನಿಂದ ತನ್ನ ಕಾರನ್ನು ಹೊರಗೆಳೆದು, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲೇ ಚರಂಡಿ ದಾಟಿ, ಬಿದ್ದ ಬೋರ್ಡನ್ನು ನೆಟ್ಟು ಮತ್ತೆ ಸಾಲು ಸೇರಿಕೊಂಡಿದ್ದಳು. ಪ್ರಚಾರದ ಉಸ್ತುವಾರಿ ಹೊತ್ತಿದ್ದ ಅಕ್ಕನ ಮಗಳು ಕೋರಿ ಪಕ್ಕದಲ್ಲಿ ಹಣೆ ಚಚ್ಚಿಕೊಂಡಳು.

“ಚಿಕ್ಕಮ್ಮಾ, ಸತ್ತವಳೇನು ಪೆಟ್ಟಿಗೆಯಿಂದ ಎದ್ದು ಬಂದು ಓಟು ಹಾಕ್ತಾಳಾ?”

“ಈ ಕೌಂಟೀಲಿ ಸತ್ತವರು ಮೊದಲೂ ಹಾಕಿದ್ದಾರೆ,” ಎಂದಳು ಮಾರ್ಲಾ. ಆ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿತು. ಪ್ರೂಯಿಟ್‌ನ ಕಡೆಯವರೂ ನಕ್ಕರು. ಅವಳು ಗೆಲ್ಲುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಾಗತೊಡಗಿತ್ತು.

ವೆಂಡೆಲ್ ಕ್ರೌಚ್ ಫೋನು ಮಾಡಿದ್ದು ಆಗ.

ವೆಂಡೆಲ್ ಅವಳ ಕಚೇರಿಯ ಪತ್ತೇದಾರನಾಗಿದ್ದವ. ಅವಳು ಹೊಸದಾಗಿ ವಕೀಲಿಗೆ ಬಂದಾಗ ಶವ ನೋಡಿ ವಾಂತಿ ಮಾಡಿಕೊಂಡಿದ್ದನ್ನು ಯಾರಿಗೂ ಹೇಳದೆ ಕರವಸ್ತ್ರ ಕೊಟ್ಟವ. ಅವಳನ್ನು “ಹುಡುಗಿ” ಎಂದು ಕರೆಯುವ ಹಕ್ಕು ಕೌಂಟಿಯಲ್ಲಿ ಅವನೊಬ್ಬನಿಗೇ ಇತ್ತು. ಈಗ ನಿವೃತ್ತನಾಗಿ, ಹೆಂಡತಿ ತೀರಿಕೊಂಡ ಮೇಲೆ, ಸಂತ ಆಲ್ಬನನ ಚರ್ಚಿನ ಆಚೆಯ ಹೊಲದಲ್ಲಿ ಹಠಕ್ಕೆಂಬಂತೆ ಒಂದಿಷ್ಟು ಹೊಗೆಸೊಪ್ಪು ಬೆಳೆಯುತ್ತಿದ್ದ. ಅವನ ಶ್ವಾಸಕೋಶ ಕೆಟ್ಟಿತ್ತು. ಡಾಕ್ಟರು ಬ್ಯಾರನ್ನಿಗೆ ಕಾಲಿಡಬೇಡ ಎಂದಿದ್ದರು. ಅವನು ಡಾಕ್ಟರನ್ನೇ ಬದಲಾಯಿಸಿದ್ದ.

ಅವಳು ಹೋದಾಗ ಜಗಲಿಯ ಮೇಲೆ ಕೂರಿಸಿ, ತಣ್ಣನೆಯ ಟೀ ಕೊಟ್ಟು, ಸುತ್ತುಬಳಸದೆ ಅವನು ಹೇಳಿದ. “ಟೋಬಿ ಲಂಡಿಯ ತಾಯಿ ಸತ್ತಳು. ಮಣ್ಣಿಗೆ ಹೋಗಿದ್ದೆ.”

“ನೀವ್ಯಾಕೆ ಹೋದ್ರಿ?”

“ಬೇರೆ ಯಾರೂ ಹೋಗಲ್ಲ ಅಂತ ಗೊತ್ತಿತ್ತು. ಆ ಹುಡುಗನ್ನ ಜೈಲಿಂದ ಕರ್ಕೊಂಡು ಬಂದಿದ್ರು. ಕೈಗೆ ಕೋಳ, ಸೊಂಟಕ್ಕೆ ಸರಪಳಿ. ತಾಯಿ ಎದೆ ಮೇಲೆ ಒಂದು ಹೂ ಇಡೋಕೆ ನೋಡ್ದ. ಕೈ ಎಟುಕಲಿಲ್ಲ. ನಾನು ಇಸ್ಕೊಂಡು ಇಟ್ಟೆ. ನಂಗೆ ಥ್ಯಾಂಕ್ಸ್ ಅಂದ, ಹುಡುಗಿ. ನಂಗೆ!”

ಟೋಬಿ ಲಂಡಿ ಅವಳ ಹೆಸರನ್ನು ಕೌಂಟಿಯ ಹೊರಗೂ ದಾಟಿಸಿದ ಕೇಸು. ಪೆಟ್ರೋಲ್ ಬಂಕಿನ ಮಾಲೀಕನ ಕೊಲೆ. ಲಂಡಿ ಗಿಡ್ಡ, ಕುಡುಕ, ಅದೇ ಬಂಕಿನಿಂದ ಕೆಲಸ ಕಳೆದುಕೊಂಡವ. ಎಲ್ಲವೂ ಸರಿಯಾಗಿ ಕೂಡುತ್ತಿತ್ತು. ವಿಚಾರಣೆಯ ಹಿಂದಿನ ದಿನ ಎದುರಿನ ಹೋಟೆಲಿನ ಅಡುಗೆಯವಳು ಓಪಲ್ ಎಂಬಾಕೆ ಕಾರಿನ ಕಿಟಕಿಗೆ ಬಗ್ಗಿ, ಬಂಕಿನಿಂದ ಓಡಿಹೋದವನು ಬಾಗಿಲ ಚೌಕಟ್ಟು ಮುಟ್ಟುವಷ್ಟು ಎತ್ತರದವನು ಎಂದು ಹೇಳುವವರೆಗೂ. ಕಾರಿನಲ್ಲಿ ಇದ್ದವರು ಮಾರ್ಲಾ ಮತ್ತು ವೆಂಡೆಲ್. ಕಾನೂನಿನ ಪ್ರಕಾರ ಆ ಮಾತನ್ನು ಲಂಡಿಯ ವಕೀಲನಿಗೆ ತಿಳಿಸಬೇಕಿತ್ತು. ಮಾರ್ಲಾ ಕಿಟಕಿ ಏರಿಸಿ, “ಆಯಮ್ಮನಿಗೆ ಕಣ್ಣು ಮಂಜು,” ಎಂದಳು. ವೆಂಡೆಲ್ ಏನನ್ನೂ ಬರೆದುಕೊಳ್ಳಲಿಲ್ಲ. ಓಪಲ್ ಸತ್ತು ಎಷ್ಟೋ ಕಾಲವಾಗಿತ್ತು. ಆ ಮಾತು ಈಗ ಇಡೀ ಭೂಮಿಯ ಮೇಲೆ ಎರಡು ತಲೆಗಳೊಳಗೆ ಮಾತ್ರ ಇತ್ತು.

“ಚರ್ಚಿನ ಪಿಕ್ನಿಕ್ ಆದ ಮಾರನೆ ದಿನ ನಾನು ಜಡ್ಜ್ ಹತ್ರ ಹೋಗ್ತೀನಿ,” ಎಂದ ವೆಂಡೆಲ್. “ಅಷ್ಟರಲ್ಲಿ ಯೋಚನೆ ಮಾಡು. ನೀನೂ ಬಾ, ಇಬ್ರೂ ಹೋಗೋಣ. ನೀನೇ ಬಾಯಿ ಬಿಟ್ರೆ ಜನ ಕ್ಷಮಿಸ್ತಾರೆ.”

“ಜನ ಕ್ಷಮಿಸ್ತಾರೆ, ಓಟು ಹಾಕಲ್ಲ.”

“ಅದೂ ನಿಜ.” ಅವನು ತನ್ನ ಮನೆಗೆ ತಿರುಗುವ ದಾರಿಯ ಬಾಯಲ್ಲಿ, ಜೋಳದ ಹೊಲದ ಅಂಚಿಗೆ ನಿಂತಿದ್ದ ಅವಳ ಬೋರ್ಡಿನತ್ತ ಗದ್ದ ತೋರಿಸಿದ. “ಅದು ಅಲ್ಲೇ ಇರ್ಲಿ. ನೀನು ಬರ್ತೀಯ ಅಂತ ನಂಬಿಕೆ ನಂಗೆ.”

ಕಾರಿನಲ್ಲಿ ವಾಪಸು ಬರುವಾಗ ಮಾರ್ಲಾಗೆ ಭಯವಾಗಲಿಲ್ಲ, ಸಿಟ್ಟು ಬಂತು. ಆ ಮುದುಕನಿಗೆ ಪಾಪಪ್ರಜ್ಞೆ ಒಂದು ಹವ್ಯಾಸ. ಹೊಗೆಸೊಪ್ಪು ಬೆಳೆದ ಹಾಗೆ ಅದನ್ನೂ ಹಠಕ್ಕೆ ಬೆಳೆದುಕೊಂಡಿದ್ದ. ಲಂಡಿ ಇದನ್ನು ಮಾಡದಿದ್ದರೆ ಇನ್ನೊಂದು ಮಾಡಿರುತ್ತಿದ್ದ. ಪ್ರೂಯಿಟ್‌ನ ಬೀದಿಯ ಗಂಡಸರು ಕಿಟಕಿ ಏರಿಸಿದ್ದೇ ಇಲ್ಲವೇ? ಅವರು ಏರಿಸಿದ ಕಿಟಕಿಗಳ ಮೇಲೆ ಕೋರ್ಟಿನ ಗೋಡೆಯಲ್ಲಿ ಎಣ್ಣೆಚಿತ್ರಗಳು ತೂಗುತ್ತಿದ್ದವು. ತನಗೆ ಮಾತ್ರ ಕ್ಷಮೆಯಂತೆ.

ತಿರುವಿನಲ್ಲಿ ಕೌಂಟಿಯ ಹೊಲಗಳು ಕಂಡವು. ಒಂದೊಂದು ಬ್ಯಾರನ್ನಿನ ಸೂರಿನಿಂದಲೂ ಹೊಗೆ ಏಳುತ್ತಿತ್ತು. ಪರವೂರಿನವರು ಬೆಂಕಿ ಬಿದ್ದಿದೆಯೆಂದು ಗಾಬರಿಯಿಂದ ಫೋನು ಮಾಡುವ ತಿಂಗಳು ಅದು. ಊರಿನವರು ಯಾರೂ ತಿರುಗಿ ನೋಡುವುದಿಲ್ಲ. ಮಾರ್ಲಾ ತಿರುಗಿ ನೋಡಿದಳು.

ಕೊಲೆಗಾರರನ್ನು ಅವಳಷ್ಟು ಹತ್ತಿರದಿಂದ ಕಂಡವರಿರಲಿಲ್ಲ. ಅವರು ಸಿಕ್ಕಿಬೀಳುವುದು ಪೊಲೀಸರ ಜಾಣತನದಿಂದಲ್ಲ, ತಮ್ಮ ಜಾಣತನದಿಂದ. ಒಬ್ಬ ಬಂದೂಕನ್ನು ಕೆರೆಗೆಸೆಯುತ್ತಾನೆ, ಕೆರೆ ಬತ್ತುತ್ತದೆ. ಇನ್ನೊಬ್ಬ ಸುಳ್ಳುಸಾಕ್ಷಿ ಹೇಳುವ ಗೆಳೆಯನನ್ನು ತರುತ್ತಾನೆ, ಗೆಳೆಯನಿಗೆ ಹೆಂಡತಿಯೊಡನೆ ಜಗಳವಾಗುತ್ತದೆ. ಎಲ್ಲರೂ ಏನಾದರೂ ಒಂದನ್ನು ಹೆಚ್ಚಿಗೆ ಮಾಡುತ್ತಾರೆ. ಮಾರ್ಲಾ ತನಗೆ ತಾನೇ ಒಂದು ನಿಯಮ ಹಾಕಿಕೊಂಡಳು: ಏನನ್ನೂ ತರಬಾರದು, ಏನನ್ನೂ ಬಿಟ್ಟುಬರಬಾರದು. ತಾನು ಹೋಗುವ ಮೊದಲು ಜಾಗ ಹೇಗಿತ್ತೋ ಬಂದ ಮೇಲೂ ಹಾಗೇ ಇರಬೇಕು. ಸತ್ತವನೊಬ್ಬನನ್ನು ಬಿಟ್ಟು.

ಆಯುಧ ಬೇಕಿರಲಿಲ್ಲ. ಬ್ಯಾರನ್ನಿನ ದೊಡ್ಡ ಬಾಗಿಲನ್ನು ಹೊಗೆಯ ದಿನಗಳಲ್ಲಿ ಮುಚ್ಚಿ ಭದ್ರ ಮಾಡಿರುತ್ತಾರೆ. ಒಳಹೋಗಲು ಬದಿಯಲ್ಲಿ ಒಂದು ಗಿಡ್ಡ ಬಾಗಿಲು, ಅದಕ್ಕೆ ಹೊರಗಿನಿಂದ ಮರದ ಅಗುಳಿ. ಕೆಟ್ಟ ಶ್ವಾಸಕೋಶದ ಮುದುಕ, ಮುಚ್ಚಿದ ಬ್ಯಾರನ್ನು, ಡಾಕ್ಟರ ಎಚ್ಚರಿಕೆ. ಕೌಂಟಿಯಲ್ಲಿ ಸಾವಿನ ಕಾರಣ ಬರೆಯುವವನು ಕ್ಲೋವಿಸ್ ಪೇನ್. ಅವನೂ ಜನ ಆರಿಸಿದವನೇ, ವೃತ್ತಿಯಿಂದ ಶವಪೆಟ್ಟಿಗೆ ಮಾರುವವನು. ಅವನ ಪಾಲಿಗೆ ಎಲ್ಲ ಸಾವೂ ಸಹಜ, ಕೆಲವು ಮಾತ್ರ ಸ್ವಲ್ಪ ಬೇಗ.

ತಾನು ಎಲ್ಲಿದ್ದೆ ಎಂಬುದಕ್ಕೆ ಪಿಕ್ನಿಕ್ ಇತ್ತು. ಸಂತ ಆಲ್ಬನನ ಅಕ್ಟೋಬರ್ ಪಿಕ್ನಿಕ್ಕಿಗೆ ಬರದ ಅಭ್ಯರ್ಥಿ ಸೋತಂತೆಯೇ. ಅಂದು ಕೌಂಟಿಗೆ ಕೌಂಟಿಯೇ ಚರ್ಚಿನ ಅಂಗಳದಲ್ಲಿರುತ್ತದೆ. ಕುರಿಮಾಂಸ ಸುಡುವ ಸಾಲುಗುಂಡಿಗಳಿಂದ ಹೊಗೆ, ಮಾಂಸ ತರಕಾರಿಗಳ ಗಟ್ಟಿ ಸಾರು ಬರ್ಗೂ ಬೇಯುವ ಆಳೆತ್ತರದ ಕಡಾಯಿಗಳ ಕೆಳಗೆ ಬೆಂಕಿ, ಧ್ವನಿವರ್ಧಕದಲ್ಲಿ ಬಿಂಗೋ ಕೂಗು. ಅಭ್ಯರ್ಥಿ ಪ್ರತಿ ಮೇಜಿಗೂ ಹೋಗಿ ಪ್ರತಿ ಕೈಯನ್ನೂ ಕುಲುಕಬೇಕು. ಎಲ್ಲರ ಕೈ ಕುಲುಕಿದವಳನ್ನು ಎಲ್ಲರೂ ಕಂಡಿರುತ್ತಾರೆ. ಎಲ್ಲರೂ ಕಂಡವಳು ಇಡೀ ಮಧ್ಯಾಹ್ನ ಅಲ್ಲಿಯೇ ಇದ್ದಳು ಎಂದು ಅವರೇ ಪ್ರಮಾಣ ಮಾಡಿ ಹೇಳುತ್ತಾರೆ, ಅದನ್ನು ನಂಬಿಯೇ ಹೇಳುತ್ತಾರೆ. ಸುಳ್ಳುಸಾಕ್ಷಿಗಿಂತ ನಿಜವಾಗಿ ತಪ್ಪು ತಿಳಿದ ಸಾಕ್ಷಿ ಗಟ್ಟಿ. ಅಂಥವರ ಬಾಯಿಂದ ಅವಳು ಎಷ್ಟು ಕೇಸು ಗೆದ್ದಿದ್ದಳು!

ಚರ್ಚಿನ ಹಿಂಬದಿಯಿಂದ ವೆಂಡೆಲ್‌ನ ಬ್ಯಾರನ್ನಿನವರೆಗೆ ಮೆಕ್ಕೆಜೋಳ. ಕಟಾವಾಗದೆ, ಒಣಗಿ, ತಲೆಗಿಂತ ಎತ್ತರ ನಿಂತಿತ್ತು.

ಭಾನುವಾರ ಪೂಜೆ ಮುಗಿದು ಜನ ಮೆಟ್ಟಿಲಿಳಿಯುವಾಗ ವೆಂಡೆಲ್ ಅವಳ ಪಕ್ಕಕ್ಕೆ ಬಂದ. ಟೋಪಿ ಕೈಯಲ್ಲಿತ್ತು.

“ನಾಳೆ ಬರ್ತೀಯಾ, ಹುಡುಗಿ?”

ಆ ಕ್ಷಣಕ್ಕೆ ಸರಿಯಾಗಿ ಯಾರೋ ಅಜ್ಜಿ ಕೈ ಚಾಚಿದಳು. ಮಾರ್ಲಾ ಅವನತ್ತ ಒಂದು ನಗೆ ನಕ್ಕು ಅಜ್ಜಿಯ ಕೈ ಹಿಡಿದಳು. ಅಜ್ಜಿಯ ನಂತರ ಅವಳ ಮಗ, ಸೊಸೆ, ಬೀಗರು. ತಿರುಗಿ ನೋಡುವಾಗ ವೆಂಡೆಲ್ ಮನೆಯ ಕಡೆ ಹೊರಟಿದ್ದ. ಊಟಕ್ಕೆ ಮುಂಚೆ ಹೊಟ್ಟು ತಿರುವಿ ಹಾಕಬೇಕು, ಆಮೇಲೆ ಬರುತ್ತೇನೆಂದು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ಪ್ರತಿ ವರ್ಷ ಅವನು ಹಾಗೇ ಮಾಡುತ್ತಿದ್ದ. ಅವಳು ಅದನ್ನೇ ನಂಬಿ ಕೂತಿದ್ದಳು.

ಮೇಜಿನಿಂದ ಮೇಜಿಗೆ ಅವಳು ಹೋದಳು. ಮೊಮ್ಮಕ್ಕಳ ಹೆಸರು ಕೇಳಿದಳು. ಒಬ್ಬ ರೈತ ತಟ್ಟೆಯಿಂದ ತಲೆಯೆತ್ತದೆ, “ನನ್ನ ಭಾವಮೈದುನನ್ನ ಒಳಗೆ ಹಾಕ್ಸಿದ್ದು ನೀವೇ ಅಲ್ವಾ, ಮಿಸ್ ಮಾರ್ಲಾ?” ಎಂದ.

“ಹೌದು. ಹೇಗಿದ್ದಾನೆ?”

“ಇನ್ನೂ ಒಳಗೇ ಇದ್ದಾನೆ. ನನ್ನ ಓಟು ನಿಮಗೇ.”

ಮೇಜಿಗೆ ಮೇಜೇ ನಕ್ಕಿತು. ಬರ್ಗೂ ಕಡಾಯಿಯ ಹತ್ತಿರ ಅವಳಿಗೂ ದೋಣಿಯ ಹುಟ್ಟಿನಂಥ ಉದ್ದನೆಯ ಮರದ ಸಟ್ಟುಗ ಕೊಟ್ಟರು. ತಿರುವದೆ ಯಾವ ಅಭ್ಯರ್ಥಿಯನ್ನೂ ಅವರು ಬಿಡುವುದಿಲ್ಲ. ಪಕ್ಕದ ಡಬ್ಬದಿಂದ ಕಂದು ಬಣ್ಣದ ಹತ್ತಿಯ ಕೈಗವಸು ತೆಗೆದು ಹಾಕಿಕೊಂಡು ತಿರುವಿದಳು. ಕೋರಿ ಫೋಟೋ ತೆಗೆದಳು. “ಎಲೆಕೋಸು ಕಮ್ಮಿಯಾಯ್ತು,” ಎಂದು ಮಾರ್ಲಾ ಹೇಳಿದ್ದಕ್ಕೆ ಅಡುಗೆಯ ಗಂಡಸರು ಹುಸಿಮುನಿಸಿನಿಂದ ಕೂಗಾಡಿದರು. ಆ ಗದ್ದಲದಲ್ಲಿ ಅವಳು ಗವಸು ಬಿಚ್ಚದೆ ಹೊರಟಳು. ಫೋನನ್ನು ಪ್ರಚಾರದ ಡೇರೆಯಲ್ಲಿ ಚಾರ್ಜಿಗೆ ಹಾಕಿ ಆಗಿತ್ತು. ಬಟ್ಟೆಗೆ ಹೊಗೆಯ ವಾಸನೆ ಹತ್ತುತ್ತದೆ ಎಂಬ ಚಿಂತೆಯೂ ಇರಲಿಲ್ಲ. ಅಂದು ಕೌಂಟಿಯಲ್ಲಿ ಹೊಗೆಯ ವಾಸನೆ ಬರದ ಮನುಷ್ಯನೇ ಇರಲಿಲ್ಲ.

ಜೋಳದ ಸಾಲು ಅವಳನ್ನು ನುಂಗಿಕೊಂಡಿತು.

ವೆಂಡೆಲ್ ಬ್ಯಾರನ್ನಿನೊಳಗೆ ಸಲಿಕೆ ಹಿಡಿದು ಬಗ್ಗಿದ್ದ. ಮೇಲೆ ಸೊಪ್ಪು ಕತ್ತಲಿನಲ್ಲಿ ಬಾವಲಿಗಳ ಹಾಗೆ ತೂಗುತ್ತಿತ್ತು. ಅವಳು ಬಾಗಿಲಲ್ಲಿ ನಿಂತಳು. ಅವನು ನೋಡಿದ, ಸಲಿಕೆಯನ್ನು ಕೆಳಗಿಡಲಿಲ್ಲ.

“ಬೆಳಿಗ್ಗೆ ಉತ್ತರ ಕೊಡದೆ ಹೋದೆ.”

“ಅದಕ್ಕೇ ಬಂದೆ. ಚುನಾವಣೆ ಮುಗೀಲಿ, ವೆಂಡೆಲ್. ಆಮೇಲೆ ನಾನೇ ಜಡ್ಜ್. ಲಂಡಿಗೆ ಏನಾದ್ರೂ ಮಾಡ್ತೀನಿ.”

“ಏನಾದ್ರೂ ಮಾಡ್ತೀಯ.” ಅವನು ಕೆಮ್ಮಿದ, ಹೊಗೆಯಿಂದಲೋ ನಗೆಯಿಂದಲೋ ತಿಳಿಯಲಿಲ್ಲ. “ಆ ಹುಡುಗ ಎಷ್ಟು ಗಿಡ್ಡ ಅಂದ್ರೆ, ತಾಯಿ ಪೆಟ್ಟಿಗೆ ಒಳಗೆ ನೋಡೋಕೆ ತುದಿಗಾಲಲ್ಲಿ ನಿಂತ್ಕೊಂಡ. ನಂಗೆ ಓಪಲ್ ಹೇಳಿದ್ದು ನೆನಪಾಯ್ತು. ನಿಂಗೆ ಎಂದಾದ್ರೂ ನೆನಪಾಗುತ್ತಾ?”

“ಆಗಲ್ಲ,” ಎಂದಳು ಮಾರ್ಲಾ. ಅದು ನಿಜವಾಗಿತ್ತು.

“ಹಾಗಾದ್ರೆ ಹೋಗು. ಊಟ ತಣ್ಣಗಾಗುತ್ತೆ.” ಅವನು ಬೆನ್ನು ತಿರುಗಿಸಿ ಮತ್ತೆ ಹೊಟ್ಟಿಗೆ ಬಗ್ಗಿದ.

ಅವಳು ಹೊರಬಂದು ಬಾಗಿಲು ಎಳೆದಳು. ಅಗುಳಿಯನ್ನು ತಿರುಗಿಸಿದಳು. ದಶಕಗಳ ಹೊಗೆ ಕುಡಿದ ಮರ ಗವಸಿನ ಕೆಳಗೆ ಜಿಗುಟಾಗಿತ್ತು. ಚಿಕ್ಕಂದಿನ ಜಿಗುಟು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಾಗಿಲು ಅಲುಗಿತು. “ಹುಡುಗಿ, ಇದ್ದೀಯಾ? ಬಾಗಿಲು ಸಿಕ್ಕಾಕ್ಕೊಂಡಿದೆ. ಸ್ವಲ್ಪ ಎಳಿ.” ಮತ್ತೆ ಕೆಮ್ಮು. ಮತ್ತೆ ಬಾಗಿಲು. ಆಮೇಲೆ, ಹಲಗೆಯ ಆ ಬದಿಗೆ ಬಾಯಿ ಹಚ್ಚಿ ಹೇಳಿದಷ್ಟು ಹತ್ತಿರದಿಂದ, “ಓ,” ಎಂದ. ಒಂದು ಕೇಸು ಬಗೆಹರಿದಾಗ ಅವನು ಯಾವಾಗಲೂ ಹಾಗೇ ಅನ್ನುತ್ತಿದ್ದ.

ಮಾರ್ಲಾ ಬಾಗಿಲಿಗೆ ಬೆನ್ನು ಮಾಡಿ ನಿಂತಳು. ಜೋಳದ ಆಚೆಯಿಂದ ಬಿಂಗೋ ಕೂಗುವವನ ದನಿ ತೇಲಿಬರುತ್ತಿತ್ತು. ಅವಳು ಮನಸ್ಸಿನಲ್ಲೇ ತೀರ್ಪುಗಾರರ ಮುಂದೆ ನಿಂತು ವಾದ ಹೂಡಿದಳು. ನನ್ನನ್ನು ಯಾರು ಎತ್ತಿದರು? ಯಾರೂ ಇಲ್ಲ. ಒಂದೊಂದು ಮೆಟ್ಟಿಲನ್ನೂ ಉಗುರಿನಿಂದ ಹತ್ತಿ ಬಂದಿದ್ದೇನೆ. ಕೊನೆಯ ಮೆಟ್ಟಿಲಲ್ಲಿ ಒಬ್ಬ ಮುದುಕ ತನ್ನ ನಿದ್ದೆಗಾಗಿ ನನ್ನ ಕಾಲು ಹಿಡಿದೆಳೆದರೆ ಒದೆಯದೆ ಇರಬೇಕೇ? ತೀರ್ಪುಗಾರರು ತಲೆದೂಗಿದರು. ಅವರು ಯಾವಾಗಲೂ ಅವಳಿಗೆ ತಲೆದೂಗುತ್ತಿದ್ದರು.

ಒಳಗೆ ಸದ್ದು ನಿಂತು ಬಹಳ ಹೊತ್ತಾದ ಮೇಲೆ ಅಗುಳಿ ತೆಗೆದು, ಬಾಗಿಲನ್ನು ಮೊದಲಿದ್ದಷ್ಟೇ ಓರೆ ಮಾಡಿದಳು. ಅವನು ಹೊಸ್ತಿಲ ಒಳಗೆ ಮಲಗಿದ್ದ. ಹೊರಬರಲು ಹೊರಟವನು ಸೋತುಬಿದ್ದ ಹಾಗೆಯೇ. ಸಲಿಕೆ ಅಲ್ಲೇ, ಟೋಪಿ ಮೊಳೆಯ ಮೇಲೆ. ಅವಳು ಏನನ್ನೂ ಮುಟ್ಟಲಿಲ್ಲ. ನೆಲ ಒಣಗಿ ಕಲ್ಲಾಗಿತ್ತು, ಹೆಜ್ಜೆ ಮೂಡುವ ಹಾಗಿರಲಿಲ್ಲ. ದಾರಿಯ ಬಾಯಿಗೆ ಬಂದು ರಸ್ತೆಯ ಎರಡೂ ಕಡೆ ನೋಡಿದಳು, ಒಂದು ನರಪಿಳ್ಳೆಯಿಲ್ಲ. ಪ್ರೂಯಿಟ್‌ನ ಪಡ್ಡೆಗಳು ಮಾತ್ರ ಪಿಕ್ನಿಕ್ಕಿನ ದಿನವೂ ಸುಮ್ಮನಿರಲಿಲ್ಲ. ಹುಲ್ಲಿನಲ್ಲಿ ಮಕಾಡೆ ಬಿದ್ದಿದ್ದ ತನ್ನ ಬೋರ್ಡನ್ನು ನೆಟ್ಟಗೆ ಮಾಡಿ, ಹಲ್ಲು ಕಚ್ಚಿ, ಜೋಳದೊಳಕ್ಕೆ ಇಳಿದಳು. ಹೊಲದ ಆ ತುದಿ ಮುಟ್ಟುವಾಗ ಉಸಿರು ಸರಿಹೋಗಿತ್ತು. ಕಡಾಯಿಯ ಹತ್ತಿರ ಬಂದು ಜಿಡ್ಡಾದ ಗವಸುಗಳನ್ನು ಎಲ್ಲರ ಎದುರಿಗೇ ಬೆಂಕಿಗೆ ಹಾಕಿದಳು. ಎಲ್ಲರೂ ಹಾಗೇ ಮಾಡುತ್ತಿದ್ದರು.

“ಈಗ ರುಚಿ ನೋಡಿ ಹೇಳಿ, ಎಲೆಕೋಸು ಕಮ್ಮಿಯಾ?” ಎಂದು ಒಬ್ಬ ಬಟ್ಟಲು ಚಾಚಿದ.

ಅವಳು ಊಟ ಮಾಡಿದಳು. ಚೆನ್ನಾಗಿತ್ತು.

ಸಂಜೆ ಊಟಕ್ಕೆ ಬಾರದ ವೆಂಡೆಲ್‌ನನ್ನು ಕರೆಯಲು ಹೋದವರು ಕೂಗಿಕೊಂಡು ಓಡಿಬಂದರು. ಷೆರೀಫ್ ಡ್ವೈಟ್ ಮ್ಯಾಟಿಂಗ್ಲಿ ಕಾಗದದ ತಟ್ಟೆಯನ್ನು ಕೆಳಗಿಟ್ಟು ಎದ್ದ. ಕ್ಲೋವಿಸ್ ಪೇನ್ ಮೀಸೆಯ ಬರ್ಗೂ ಒರೆಸಿಕೊಳ್ಳುತ್ತ ಹಿಂದೆ ಹೋದ, ಹೋಗಿ ಬಂದು ಎಲ್ಲರೂ ನಿರೀಕ್ಷಿಸಿದ್ದನ್ನೇ ಹೇಳಿದ. ಡಾಕ್ಟರು ಬೇಡವೆಂದಿದ್ದರು, ಹಠಮಾರಿ. ಹೆಂಗಸರು ಮೂಗು ಒರೆಸಿಕೊಂಡರು. ಮಾರ್ಲಾ ಡೇರೆಯ ಕಂಬ ಹಿಡಿದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ಬರಿಸಿಕೊಳ್ಳಲು ಅವಳು ಏನೂ ಮಾಡಬೇಕಾಗಲಿಲ್ಲ.

ಮಣ್ಣು ಮಾಡುವ ದಿನ ಮಾತಾಡಿದವಳೂ ಅವಳೇ. ಕರವಸ್ತ್ರದ ಕತೆ ಹೇಳಿದಳು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು. ಜನ ಅತ್ತು ನಕ್ಕರು. ಷೆರೀಫ್ ಡ್ವೈಟ್ ಟೋಪಿ ಎದೆಗೊತ್ತಿಕೊಂಡು, “ಚೆನ್ನಾಗಿ ಹೇಳಿದ್ರಿ, ಮಿಸ್ ಮಾರ್ಲಾ,” ಎಂದ. ಡ್ವೈಟ್ ನಿಧಾನದ ಮನುಷ್ಯ. ಒಂದು ಮಾತು ಹೇಳಿ ಇನ್ನೊಂದಕ್ಕೆ ಊಟ ಮುಗಿಸಿ ಬರುವವನು ಎಂದು ಕೋರ್ಟಿನಲ್ಲಿ ತಮಾಷೆ ಮಾಡುತ್ತಿದ್ದರು. ವೆಂಡೆಲ್‌ನ ಹೊಗೆಸೊಪ್ಪನ್ನು ನೆರೆಯವರು ಸೇರಿ ಇಳಿಸಿಕೊಟ್ಟರು. ಬೆಲೆ ಚೆನ್ನಾಗಿ ಬಂತಂತೆ.

ನವೆಂಬರಿನ ಆ ಮಂಗಳವಾರ ಅವಳು ಗೆದ್ದಳು. ಸಂತ ಆಲ್ಬನನ ಕಡೆಯ ಹಳ್ಳಿಗಳೇ ಅವಳನ್ನು ದಡ ಮುಟ್ಟಿಸಿದವು. ಪ್ರೂಯಿಟ್ ಕೈ ಕುಲುಕಲು ಬಂದಾಗ ಅವನ ಹಿಂದೆ ಆ ಮುದಿ ಜಡ್ಜ್ ಕೂಡ ನಿಂತಿದ್ದ. “ಈಗ ಜಗಳಕ್ಕೆ ಯಾರು ಸಿಗ್ತಾರೆ ನಂಗೆ?” ಎಂದು ಮಾರ್ಲಾ ಕೇಳಿದಳು. ಈ ಸಲ ಅವಳೊಬ್ಬಳೇ ನಕ್ಕಳು.

ಚುನಾವಣೆಯ ಮಾರನೆಯ ದಿನ ಬೋರ್ಡುಗಳನ್ನು ವಾಪಸು ತರುವ ದಿನ. ಗೆದ್ದವರದ್ದೂ ಸೋತವರದ್ದೂ ರಸ್ತೆಬದಿಯಲ್ಲಿ ಉಳಿಯಬಾರದು. ಬೆಳಗಿನಿಂದ ಜನ ಗಾಡಿಗಳಲ್ಲಿ ಅವಳ ಬೋರ್ಡುಗಳನ್ನು ತಂದು ಕಚೇರಿಯ ಮೂಲೆಗೆ ಎಸೆಯುತ್ತಿದ್ದರು. ಕೋರಿ ಕಂಬಿಗಳನ್ನು ಕಿತ್ತು ಬೇರೆಯಾಗಿ ರಾಶಿ ಹಾಕುತ್ತಿದ್ದಳು. ಬಾಗಿಲ ಹಿಂದೆ ಹೊಸ ಕಪ್ಪು ನಿಲುವಂಗಿ ತೂಗುತ್ತಿತ್ತು. ಮಾರ್ಲಾ ಒಮ್ಮೆ ಹಾಕಿ ನೋಡಿ, ಕೋರಿ ಬರುವ ಸದ್ದಾಗಿ ತೆಗೆದಿದ್ದಳು. ಮಧ್ಯಾಹ್ನ ಡ್ವೈಟ್ ಬಂದ. ಅವನ ಕಂಕುಳಲ್ಲೂ ಒಂದು ಬೋರ್ಡಿತ್ತು.

“ನೀವೂ ತಂದ್ರಾ, ಷೆರೀಫ್? ಹಾಕಿ ಆ ರಾಶಿಗೆ.”

“ಇದು ರಾಶಿಗೆ ಬೇಡ, ಮಿಸ್ ಮಾರ್ಲಾ.” ಅವನು ಕೋರಿಯತ್ತ ನೋಡಿ, “ಮಗಾ, ಒಂದು ಕಾಫಿ ಸಿಗುತ್ತಾ?” ಎಂದ. ಅವಳು ಹೊರಗೆ ಹೋದ ಮೇಲೆ ಬೋರ್ಡನ್ನು ಕಂಕುಳಿಂದ ಇಳಿಸಿದ. ಬೋರ್ಡು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿತ್ತು, ಕೆಳಗೆ ಕಂಬಿಗಳು ಇನ್ನೂ ಇದ್ದವು. ಅದನ್ನು ಗೋಡೆಗೆ ಒರಗಿಸಿದ. ಅವಳ ಹೆಸರಿನ ಮೇಲೆ, ಬಿಳಿಯ ಅಂಚಿನ ಎರಡೂ ಕೊನೆಗಳಲ್ಲಿ, ಹಿಡಿಯಷ್ಟಗಲದ ಎರಡು ಕಪ್ಪು ಕಲೆಗಳಿದ್ದವು.

“ಪ್ರಯೋಗಾಲಯದಿಂದ ಬೆಳಿಗ್ಗೆ ವರದಿ ಬಂತು,” ಎಂದ ಡ್ವೈಟ್, ಎಂದಿನ ನಿಧಾನದಲ್ಲಿ. “ವೆಂಡೆಲ್‌ನ ಬ್ಯಾರನ್ನಿನ ಅಗುಳಿ ಮೇಲಿನ ಅಂಟು, ಇದ್ರ ಮೇಲಿನ ಅಂಟು ಎರಡೂ ಒಂದೇ ಅಂತೆ. ಗವಸಿನ ನೇಯ್ಗೆ ಗುರುತೂ ಒಂದೇ. ಪಿಕ್ನಿಕ್ ದಿನ ಪೂಜೆ ಮುಗಿಸಿ ನಾನು ಆ ದಾರೀಲಿ ಬರೋವಾಗ ವೆಂಡೆಲ್ ಇದನ್ನ ತಾನೇ ಕಿತ್ತು ಹುಲ್ಲಿಗೆ ಎಸೀತಿದ್ದ. ಗಾಡಿ ನಿಲ್ಸಿ ಏನಪ್ಪಾ ಅಂತ ಕೇಳ್ದೆ. ‘ಬಿದ್ದಿರ್ಲಿ ಡ್ವೈಟ್, ಯಾಕೆ ಅಂತ ನಾಳೆ ಹೇಳ್ತೀನಿ’ ಅಂದ. ಆಗ ಬರಿಗೈಯಲ್ಲಿದ್ದ, ಬೋರ್ಡೂ ಬೆಳ್ಳಗಿತ್ತು. ಸಂಜೆ ಅವನ ಹೆಣ ನೋಡೋಕೆ ಹೋದಾಗ ಇದು ನೆಟ್ಟಗೆ ನಿಂತಿತ್ತು. ನಾನು ಅಲ್ಲೇ ನಿಂತು ಬಹಳ ಹೊತ್ತು ಯೋಚನೆ ಮಾಡ್ದೆ ಮಿಸ್ ಮಾರ್ಲಾ, ಹೆಣ ಬಿದ್ದಿರೋ ಜಾಗದಲ್ಲೂ ಈ ಬೋರ್ಡು ಬಿದ್ದಿರೋದನ್ನ ನೋಡೋಕಾಗದೇ ಇರೋರು ಇಡೀ ಕೌಂಟೀಲಿ ಯಾರಿದ್ದಾರೆ ಅಂತ.” ಮಾರ್ಲಾ ಬಾಯಿ ತೆರೆದಳು. ಆಕ್ಷೇಪಣೆಗಳು ಒಂದರ ಹಿಂದೊಂದು ನಾಲಿಗೆಯ ತುದಿಗೆ ಬಂದು ನಿಂತವು. ಒಳ್ಳೆಯವೇ, ಗೆಲ್ಲುವಂಥವೇ. ಅಷ್ಟರಲ್ಲಿ ಗೋಡೆಗೆ ಒರಗಿಸಿದ್ದ ಬೋರ್ಡು ನುಣುಪಾದ ನೆಲದ ಮೇಲೆ ಮೆಲ್ಲಗೆ ಜಾರತೊಡಗಿತು. ಡ್ವೈಟ್ ಅದನ್ನು ಹಿಡಿಯಲಿಲ್ಲ, ಸುಮ್ಮನೆ ನೋಡುತ್ತ ನಿಂತ. ಅದು ನೆಲ ಮುಟ್ಟುವ ಮೊದಲೇ ಅವಳು ಮುಂದೆ ಬಗ್ಗಿ, ಎರಡೂ ಕೈಗಳಿಂದ, ಸರಿಯಾಗಿ ಆ ಎರಡು ಕಲೆಗಳ ಮೇಲೆ ಹಿಡಿದು, ಅದನ್ನು ನೆಟ್ಟಗೆ ನಿಲ್ಲಿಸಿದ್ದಳು.